ಟಿಕ್ ತೆಗೆದಿದ್ದು ನಾನೇ

ಔಟರ್ ರಿಂಗ್ ರೋಡಿನಲ್ಲಿ, ಬೆಳ್ಳಂದೂರಿನ ಹತ್ತಿರ ನಮ್ಮ ಆಫೀಸು. ಮುನ್ನೂರು ಚಿಲ್ಲರೆ ಜನ. ಅಷ್ಟೂ ಜನರ ಮೈಕ್ರೋಸಾಫ್ಟ್ 365 ಅಕೌಂಟ್ ನೋಡಿಕೊಳ್ಳುವವರು ನಾನು ಮತ್ತು ನನ್ನ ಜೊತೆಯ ಒಬ್ಬ ಹುಡುಗ, ಇಬ್ಬರೇ.

ಮಾರ್ಚ್ ಬಂತೆಂದರೆ ಫೈನಾನ್ಸ್ ಮೇಡಂ ನಮ್ಮ ಮೇಜಿಗೆ ಬರುತ್ತಾರೆ. "ಏನ್ರೀ, ಇಷ್ಟೊಂದು ಲೈಸೆನ್ಸ್‌ಗೆ ದುಡ್ಡು ಕಟ್ತಾ ಇದೀವಿ, ಎಲ್ಲರೂ ಬಳಸ್ತಾರಾ?" ನ್ಯಾಯವಾದ ಪ್ರಶ್ನೆಯೇ. ಅಡ್ಮಿನ್ ಸೆಂಟರ್‌ನಲ್ಲಿ, ಯಾರು ಎಷ್ಟು ಬಳಸಿದ್ದಾರೆ ಅಂತ ತೋರಿಸುವ ಯೂಸೇಜ್ ರಿಪೋರ್ಟ್ ತೆರೆದು, 90 ದಿನದ ಲೆಕ್ಕ ಆರಿಸಿ, ಎಕ್ಸೆಲ್‌ಗೆ ಇಳಿಸಿಕೊಂಡೆ. ನೋಡಿದರೆ ಹೆಸರಿನ ಕಾಲಮ್‌ನಲ್ಲಿ ಹೆಸರೇ ಇಲ್ಲ. ಪ್ರತಿ ಸಾಲಿನಲ್ಲೂ ಅಕ್ಷರ, ಅಂಕಿ ಕಲಸಿಟ್ಟ ಉದ್ದನೆಯ ಸರ. ಫೈಲ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಸಲ ಇಳಿಸಿದೆ. ಮತ್ತೆ ಅದೇ.

ಫೈಲ್ ಸರಿಯಾಗೇ ಇತ್ತು. 2021ರ ಸೆಪ್ಟೆಂಬರ್ 1ರಿಂದ ಈ ರಿಪೋರ್ಟ್‌ಗಳಲ್ಲಿ ಹೆಸರು ಮುಚ್ಚಿಯೇ ಬರುತ್ತದೆ. ಹೆಸರು ಬೇಕಿದ್ದರೆ ಗ್ಲೋಬಲ್ ಅಡ್ಮಿನ್, ಅಂದರೆ ಪೂರ್ತಿ ಹಕ್ಕಿರುವ ಅಡ್ಮಿನ್, ಅದನ್ನು ತೆರೆಯಬೇಕು: ಸೆಟ್ಟಿಂಗ್ಸ್, ಆರ್ಗ್ ಸೆಟ್ಟಿಂಗ್ಸ್, ಸರ್ವಿಸಸ್, ಅಲ್ಲಿ ರಿಪೋರ್ಟ್ಸ್. ಬಳಕೆದಾರರ, ಗ್ರೂಪ್‌ಗಳ, ಸೈಟ್‌ಗಳ ಹೆಸರನ್ನು ಎಲ್ಲ ರಿಪೋರ್ಟ್‌ನಲ್ಲೂ ಮರೆಮಾಡು ಎನ್ನುವ ಒಂದು ಟಿಕ್ ಇದೆ. ತೆಗೆದು ಸೇವ್ ಮಾಡಿದರೆ ಕೆಲವೇ ನಿಮಿಷದಲ್ಲಿ ಹೆಸರು ಬರುತ್ತದೆ.

ಇಲ್ಲೇ ನಾನು ಎಡವಿದ್ದು. ಟಿಕ್ ತೆಗೆದರೆ ಹೆಸರು ನನಗೆ ಮಾತ್ರ ಕಾಣುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಅದು ಇಡೀ ಕಂಪನಿಗೆ ಒಂದೇ ಸ್ವಿಚ್. ರಿಪೋರ್ಟ್ ನೋಡುವ ಅಡ್ಮಿನ್‌ಗಳಿಗೂ, ರಿಪೋರ್ಟ್ಸ್ ರೀಡರ್ ಅನ್ನುವ, ರಿಪೋರ್ಟ್ ಓದುವ ಹಕ್ಕಿರುವವರಿಗೂ, ಟೀಮ್ಸ್, ಒನ್‌ಡ್ರೈವ್, ಇಮೇಲ್ ಎಲ್ಲದರ ರಿಪೋರ್ಟ್‌ನಲ್ಲೂ ಹೆಸರು ತೆರೆದುಕೊಳ್ಳುತ್ತದೆ. ಗ್ರಾಫ್ ಎಪಿಐ ಮೂಲಕ, ಅಂದರೆ ಪ್ರೋಗ್ರಾಂ ಬರೆದು ಇದೇ ಡೇಟಾ ಎಳೆಯುವವರಿಗೂ ಅಷ್ಟೇ.

ಅವತ್ತು ಶುಕ್ರವಾರ ಸಂಜೆ. ಫೈಲ್ ಇಳಿಸಿ, ಮೇಡಂಗೆ ಲೆಕ್ಕ ಕಳಿಸಿ, ಟ್ರಾಫಿಕ್ ಜಾಸ್ತಿ ಆಗುವ ಮೊದಲು ಸಿಲ್ಕ್ ಬೋರ್ಡ್ ದಾಟೋಣ ಅಂತ ಹೊರಟೆ. ಟಿಕ್ ವಾಪಸ್ ಹಾಕುವುದು ಮರೆತೇ ಹೋಯಿತು.

ಒಂದು ಟೀಮಿನ ಮ್ಯಾನೇಜರ್‌ಗೆ ಯಾವತ್ತೋ ನಾನೇ ರಿಪೋರ್ಟ್ಸ್ ರೀಡರ್ ಹಕ್ಕು ಕೊಟ್ಟಿದ್ದೆ. ಭಾನುವಾರ ಅವರು ಟೀಮ್ಸ್ ರಿಪೋರ್ಟ್ ತೆರೆದಿದ್ದಾರೆ. ಹೆಸರು ಕಂಡಿದೆ, ಇಳಿಸಿಕೊಂಡಿದ್ದಾರೆ. ಮಂಗಳವಾರದ ರಿವ್ಯೂನಲ್ಲಿ ಅದನ್ನೇ ದೊಡ್ಡ ಪರದೆಗೆ ಹಾಕಿದ್ದಾರೆ, ಕಡಿಮೆಯಿಂದ ಜಾಸ್ತಿಗೆ ಸಾರ್ಟ್ ಮಾಡಿ. ಮೊದಲ ಸಾಲಿನಲ್ಲಿ ಒಬ್ಬ ಟೆಸ್ಟರ್ ಹೆಸರು. ಚಾಟ್ 11, ಕಾಲ್ 0.

ಆಕೆ ಇಡೀ ದಿನ ಕೂರುವುದು ಕ್ಲೈಂಟ್ ಕೊಟ್ಟ ಲ್ಯಾಪ್‌ಟಾಪ್ ಮುಂದೆ. ಮಾತು, ಮೀಟಿಂಗ್ ಎಲ್ಲ ಕ್ಲೈಂಟಿನ ಅಕೌಂಟ್‌ನಲ್ಲಿ. ನಮ್ಮ ಲೆಕ್ಕಕ್ಕೆ ಅದು ಹೇಗೆ ಬರಬೇಕು? ಚಾಟ್ ಎಷ್ಟು, ಕಾಲ್ ಎಷ್ಟು ಅಂತ ರಿಪೋರ್ಟ್ ಎಣಿಸುತ್ತದೆ, ಅಷ್ಟೇ. ಕೆಲಸ ಎಷ್ಟಾಯಿತು ಅನ್ನೋದು ಅದಕ್ಕೆ ಗೊತ್ತಿಲ್ಲ.

ಬುಧವಾರ ಎಚ್‌ಆರ್ ನಮ್ಮನ್ನು ಕೂರಿಸಿಕೊಂಡರು. ಟಿಕ್ ತೆಗೆದವರು ಯಾರು ಅಂತ ಹುಡುಕುವ ಕಷ್ಟವೇ ಇರಲಿಲ್ಲ, ಹೆಸರು ತೆರೆದದ್ದೂ ಆಡಿಟ್ ಲಾಗ್‌ನಲ್ಲಿ ದಾಖಲಾಗುತ್ತದೆ. ಅಲ್ಲಿ ನನ್ನ ಹೆಸರು ಸ್ಪಷ್ಟವಾಗಿ ಕೂತಿತ್ತು. ಮ್ಯಾನೇಜರ್ ಅಂದರು, "ಆಫೀಸ್ ಅಕೌಂಟ್ ತಾನೇ, ಇದರಲ್ಲಿ ಎಂಥ ಪ್ರೈವೆಸಿ?" ನಾನು ತಪ್ಪು ಮಾಡಿ ಕೂತವನು, ಆದರೂ ಸುಮ್ನೆ ಇರಲಾಗಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಆ ಕೇಸ್ ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಸರ್, ಇದೇ ಊರಿನಲ್ಲಿ ಇದ್ದವರು ಅಂದೆ. ಆ ತೀರ್ಪು ನಮ್ಮ ಎಕ್ಸೆಲ್ ಶೀಟಿಗೆ ನೇರವಾಗಿ ಅನ್ವಯಿಸುತ್ತದೆ ಅಂತ ನನ್ನ ವಾದವಲ್ಲ. ಎಚ್‌ಆರ್‌ನವರು ಮಾತ್ರ 2023ರ ಡೇಟಾ ರಕ್ಷಣೆ ಕಾಯ್ದೆಯ ಮಾತು ತೆಗೆದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಆಮೇಲೆ ಮಾಡಿದ ಮೊದಲ ಕೆಲಸ, ಮ್ಯಾನೇಜರ್‌ಗಳ ಹಕ್ಕು ಬದಲಾಯಿಸಿದ್ದು. ಯೂಸೇಜ್ ಸಮ್ಮರಿ ರಿಪೋರ್ಟ್ಸ್ ರೀಡರ್ ಅಂತ ಇನ್ನೊಂದು ರೋಲ್ ಇದೆ. ಅದರಲ್ಲಿ ಒಟ್ಟು ಲೆಕ್ಕ ಮಾತ್ರ ಕಾಣುತ್ತದೆ, ಒಬ್ಬೊಬ್ಬರ ಸಾಲು ಕಾಣುವುದಿಲ್ಲ. ಮೊದಲೇ ಇದನ್ನು ಕೊಟ್ಟಿದ್ದರೆ ನನ್ನ ಮರೆವು ಇಷ್ಟು ದೂರ ಹೋಗುತ್ತಿರಲಿಲ್ಲ.

ಲೈಸೆನ್ಸ್ ಲೆಕ್ಕಕ್ಕೂ ಬೇರೆ ದಾರಿ ಹಿಡಿದೆವು. ಯಾರು ಬಹಳ ದಿನದಿಂದ ಲಾಗಿನ್ ಆಗಿಲ್ಲ ಅನ್ನುವುದಷ್ಟೇ ಬೇಕಿದ್ದರೆ ಅಕೌಂಟ್, ಲಾಗಿನ್ ನೋಡಿಕೊಳ್ಳುವ ಮೈಕ್ರೋಸಾಫ್ಟ್‌ನ ಎಂಟ್ರಾದಲ್ಲಿ ಕೊನೆಯ ಸೈನ್-ಇನ್ ದಿನಾಂಕ ಸಿಗುತ್ತದೆ. ಚಾಟ್ ಎಷ್ಟು, ಕಾಲ್ ಎಷ್ಟು ಅಂತ ನೋಡುವ ಅಗತ್ಯವೇ ಇಲ್ಲ. ಅದಕ್ಕೆ ಎಂಟ್ರಾದ ಪಿ1 ಲೈಸೆನ್ಸ್ ಬೇಕು, ನಮ್ಮಲ್ಲಿತ್ತು. ಟಿಕ್ ತೆಗೆಯಲೇಬೇಕಾದ ದಿನ ಎಚ್‌ಆರ್ ಮೇಲ್ ಬರಬೇಕು, ನಾವಿಬ್ಬರೂ ಕೂತಿರಬೇಕು, ನನ್ನ ಫೋನಿನಲ್ಲಿ ಅರ್ಧ ಗಂಟೆಯ ಅಲಾರಂ. ಅಲಾರಂ ಇಲ್ಲದೆ ನಾನು ನನ್ನನ್ನೇ ನಂಬುವುದಿಲ್ಲ.

ಇಷ್ಟಾದ ಮೇಲೆ ಜೊತೆಯ ಹುಡುಗ ಒಂದು ವಿಷಯ ತೋರಿಸಿದ. ಹೆಸರು ಮುಚ್ಚಿದ ಟೀಮ್ಸ್ ಶೀಟಿನಲ್ಲೂ ಅಸೈನ್ಡ್ ಪ್ರಾಡಕ್ಟ್ಸ್ ಅನ್ನುವ, ಯಾವ ಯಾವ ಲೈಸೆನ್ಸ್ ಇದೆ ಅಂತ ತೋರಿಸುವ ಕಾಲಮ್ ಹಾಗೇ ಇರುತ್ತದೆ. ನಮ್ಮಲ್ಲಿ ವಿಸಿಯೋ, ಅಂದರೆ ಡಯಾಗ್ರಾಂ ಬರೆಯುವ ಸಾಫ್ಟ್‌ವೇರ್‌ನ ಲೈಸೆನ್ಸ್ ಇರುವುದು ಒಬ್ಬರಿಗೇ. "ಸರ್, ಈ ಸಾಲು ಯಾರದ್ದು ಹೇಳಿ ನೋಡೋಣ" ಅಂದ. ಹೇಳುವುದೇನು, ಎದುರು ಮೇಜಿನಲ್ಲೇ ಕೂತಿದ್ದರು. ಈಗ ಯಾರಿಗಾದರೂ ಶೀಟ್ ಕಳಿಸುವ ಮುಂಚೆ ಆ ಕಾಲಮ್ ಅಳಿಸುತ್ತೇನೆ, ಕೊನೆಯ ಚಟುವಟಿಕೆ ದಿನಾಂಕವನ್ನೂ.

ಆ ಟೆಸ್ಟರ್ ಹತ್ತಿರ ಹೋಗಿ, ಟಿಕ್ ತೆಗೆದಿದ್ದು ನಾನೇ ಅಂತ ಹೇಳಿದೆ. "ಪರವಾಗಿಲ್ಲ ಬಿಡಿ ಸರ್" ಅಂದರು. ನಮ್ಮ ಫ್ಲೋರಿನದ್ದೊಂದು ಟೀಮ್ಸ್ ಗ್ರೂಪ್ ಇದೆ. ಮೊದಲು ಅಲ್ಲಿ ಒಂದು ಮಾತೂ ಆಡದಿದ್ದವರು ಅವರು. ಈಗ ದಿನಾ ಒಂದು ಗಂಟೆಗೆ ಅವರ ಮೆಸೇಜ್ ಬರುತ್ತದೆ, "ಊಟಕ್ಕೆ ಹೋಗ್ತಾ ಇದೀನಿ." ಒಂದೂವರೆಗೆ ಇನ್ನೊಂದು, "ಊಟ ಆಯ್ತು."