ಎದೆಯುರಿ ಇಲ್ಲದೆಯೂ ಆಸಿಡಿಟಿ ಕೆಮ್ಮು: ಏನು ಮಾಡಬೇಕು?

ಸಿರಪ್ ಬಾಟಲಿ ಖಾಲಿಯಾದರೂ ಒಣಕೆಮ್ಮು ನಿಂತಿಲ್ಲ, ಬೆಳಗ್ಗೆ ದನಿ ಕಟ್ಟಿರುತ್ತದೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ ಅಂದರೆ ಹೊಟ್ಟೆಯ ಆಮ್ಲವನ್ನೂ ಅನುಮಾನಿಸಿ. ಎದೆಯುರಿ ಇರಲೇಬೇಕೆಂದಿಲ್ಲ. ಅನ್ನನಾಳಕ್ಕಿರುವ ತಾಳಿಕೆ ಗಂಟಲಿಗಿಲ್ಲ. ಮೇಲೆ ಬಂದ ಆಮ್ಲ, ಪೆಪ್ಸಿನ್ (ಹೊಟ್ಟೆಯಲ್ಲಿ ಆಹಾರ ಜೀರ್ಣಿಸುವ ಕಿಣ್ವ) ಸ್ವಲ್ಪವೇ ಆದರೂ ಕೆರಳಿಸುತ್ತವೆ.

ಮೊದಲು ರಾತ್ರಿಯೂಟ ಸರಿಮಾಡಿ. ಹತ್ತಕ್ಕೆ ಮಲಗುವವರು ಏಳಕ್ಕೆ ಮುಗಿಸಬೇಕು: 3 ಗಂಟೆ ಅಂತರ. ಆಮೇಲಿನ ಕಾಫಿ, ಬಜ್ಜಿ, ಚಾಕೊಲೇಟ್ ಬೇಡ. ಪೆಪ್ಪರ್‌ಮಿಂಟ್ ಗುಳಿಗೆ ಚೀಪಿದರೆ ಗಂಟಲಿಗೆ ತಂಪೆನಿಸಿದರೂ, ಹೊಟ್ಟೆಯ ಬಾಯಿ ಸಡಿಲವಾಗಿ ಆಮ್ಲ ಇನ್ನಷ್ಟು ಏರಬಹುದು.

ಮಂಚದ ತಲೆಭಾಗದ ಎರಡು ಕಾಲುಗಳ ಕೆಳಗೆ ಜಾರದ ಮರದ ತುಂಡು ಇಟ್ಟು 15ರಿಂದ 20 ಸೆಂ.ಮೀ. ಎತ್ತರಿಸಿ. ದಿಂಬಿನ ಮೇಲೆ ದಿಂಬು ಪೇರಿಸಬೇಡಿ: ಕತ್ತು ಬಾಗಿ, ಹೊಟ್ಟೆ ಮಡಚಿ, ಒತ್ತಡ ಹೆಚ್ಚುತ್ತದೆ. ಎಡ ಮಗ್ಗುಲು ಒಳ್ಳೆಯದು.

ವೈದ್ಯರು ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ಬರೆದಿದ್ದರೆ ಊಟಕ್ಕೆ 30ರಿಂದ 60 ನಿಮಿಷ ಮೊದಲೇ ನುಂಗಿ. ಉಂಡ ಮೇಲೆ ನುಂಗುವುದೇ ಸಾಮಾನ್ಯ ತಪ್ಪು. ಗಂಟಲು ಸುಧಾರಿಸಲು 2–3 ತಿಂಗಳು ಬೇಕಾಗಬಹುದು, ವಾರಕ್ಕೇ ಕೈಬಿಡಬೇಡಿ. ಪದೇಪದೇ ಕ್ಯಾಕರಿಸಿದರೆ ಊತ ಆರುವುದಿಲ್ಲ, ಬದಲಿಗೆ ಒಂದು ಗುಟುಕು ನೀರು ಕುಡಿಯಿರಿ.

ಆದರೆ ಎಲ್ಲ ಕೆಮ್ಮಿನ ಹೊಣೆಯನ್ನೂ ಆಸಿಡಿಟಿಯ ತಲೆಗೆ ಕಟ್ಟಬೇಡಿ. ಬಿಪಿಗೆ ಕೊಡುವ ಎನಾಲಾಪ್ರಿಲ್, ರಾಮಿಪ್ರಿಲ್ ಕೂಡ ಒಣಕೆಮ್ಮು ತರುತ್ತವೆ, ಆದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆ ಆಗಲೇಬೇಕು. ಕಫದಲ್ಲಿ ರಕ್ತ, ನುಂಗಲು ಕಷ್ಟ, ತೂಕ ಇಳಿಕೆ, ಉಸಿರಾಟದ ತೊಂದರೆ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.