ಅಹವಾಲಿನಿಂದ ನಡಾವಳಿಗೆ: ಗ್ರಾಮ ಪಂಚಾಯಿತಿ ಸದಸ್ಯನ ಕೆಲಸ ನಾನು ಮಾಡಿದ ಬಗೆ

ಗ್ರಾಮ ಪಂಚಾಯಿತಿ ಸದಸ್ಯನಿಗೆ ಸಭೆಯ ಹೊರಗೆ ಯಾವ ಅಧಿಕಾರವೂ ಇಲ್ಲ. ಇವತ್ತು ನಮ್ಮ ಬೀದಿಗೆ ಮೊದಲು ನೀರು ಬಿಡು ಎಂದು ನೀರಗಂಟಿಗೆ ಹೇಳುವಂತಿಲ್ಲ, ಇವರ ಕಂದಾಯ ಈ ವರ್ಷ ಬಿಟ್ಟುಬಿಡು ಎಂದು ಬಿಲ್ ಕಲೆಕ್ಟರ್‌ಗೆ ಹೇಳುವಂತಿಲ್ಲ, ಕಂಟ್ರಾಕ್ಟರ್‌ನ ಕೆಲಸವನ್ನು ನಡುದಾರಿಯಲ್ಲಿ ನಿಲ್ಲಿಸುವಂತೆಯೂ ಇಲ್ಲ. ಕರ್ನಾಟಕದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅಷ್ಟು ಜನರ ಪರವಾಗಿ ಸಭೆಯಲ್ಲಿ ಒಂದು ಮಾತು, ಒಂದು ಮತ. 1993ರ ಪಂಚಾಯತ್ ರಾಜ್ ಅಧಿನಿಯಮ ಸದಸ್ಯನ ಕೈಗೆ ಕೊಟ್ಟಿರುವ ಹತಾರ ಇದೇ. ಹಾಗಾಗಿ ಬೀದಿಯಲ್ಲಿ ಕೇಳಿದ ಅಹವಾಲನ್ನು ನಡಾವಳಿ ಪುಸ್ತಕದ, ಅಂದರೆ ಸಭೆಯ ತೀರ್ಮಾನ ಬರೆಯುವ ಪುಸ್ತಕದ, ನಿರ್ಣಯವಾಗಿಸುವುದು, ನಿರ್ಣಯ ಆದಮೇಲೆ ಕಾಮಗಾರಿ ಮುಗಿಯುವ ತನಕ ಅದರ ಬೆನ್ನು ಹತ್ತುವುದು, ಇವೆರಡನ್ನೇ ನಾನು ಕೆಲಸ ಎಂದುಕೊಂಡೆ. ಮಿಕ್ಕಿದ್ದೆಲ್ಲ ಓಡಾಟ.

ಮೊದಲಿಗೆ ಬೇಕಾದದ್ದು ಒಂದು ಅಹವಾಲು ಪುಸ್ತಕ. ದಿನಾಂಕ, ಜಾಗ, ತೊಂದರೆ, ಯಾರ ಕೆಲಸ, ಏನಾಯಿತು ಎಂದು ಐದು ಕಾಲಂ ಹಾಕಿಕೊಂಡರೆ ಸಾಕು. ತೊಂದರೆಯ ಕಾಲಂನಲ್ಲಿ 'ನೀರು ಬರುತ್ತಿಲ್ಲ' ಎಂದು ಬರೆದರೆ ಏನೂ ಬರೆದಂತಲ್ಲ. ಮೋಟರ್ ಸುಟ್ಟಿದೆಯೇ, ಕೊಳವೆಬಾವಿಯಲ್ಲೇ ನೀರು ಕಡಿಮೆಯಾಗಿದೆಯೇ, ವಾಲ್ವ್ ಕೆಟ್ಟಿದೆಯೇ, ಪೈಪ್ ಒಡೆದಿದೆಯೇ, ವೋಲ್ಟೇಜ್ ಸಾಲುತ್ತಿಲ್ಲವೇ? ಐದಕ್ಕೂ ಐದು ಬೇರೆ ಪರಿಹಾರ. ವಾಲ್ವ್ ಆದರೆ ನಿರ್ವಹಣೆ ಖರ್ಚಿನಲ್ಲಿ ಆ ವಾರವೇ ಮುಗಿಯುತ್ತದೆ. ಬಾವಿಯೇ ಬತ್ತಿದ್ದರೆ ವರ್ಷದ ಕಾಮಗಾರಿಗಳ ಪಟ್ಟಿಯಾದ ಕ್ರಿಯಾಯೋಜನೆಗೆ ಹೋಗಬೇಕು. ವೋಲ್ಟೇಜ್ ಆದರೆ ಅದು ವಿದ್ಯುತ್ ಕಂಪನಿ ಎಸ್ಕಾಂನವರ ಕೆಲಸ. ನೀರಗಂಟಿಯನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡಿ ಬರೆದರೆ ಸಭೆಯಲ್ಲಿ ಅರ್ಧ ವಾದ ತಾನಾಗಿಯೇ ಇಲ್ಲವಾಗುತ್ತದೆ.

'ಯಾರ ಕೆಲಸ' ಎಂಬ ಕಾಲಂ ಸದಸ್ಯನ ಹೊತ್ತನ್ನು ಉಳಿಸುತ್ತದೆ. ಬೀದಿದೀಪ, ಚರಂಡಿ, ಕುಡಿಯುವ ನೀರು, ಒಳರಸ್ತೆ, ಕಸ ಪಂಚಾಯಿತಿಯವು. ವೃದ್ಧಾಪ್ಯ ವೇತನ, ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯವು. ಪಡಿತರ ಚೀಟಿ ಆಹಾರ ಇಲಾಖೆಯದು. ಜನ ಇದೆಲ್ಲವನ್ನೂ ಸದಸ್ಯನ ಮನೆ ಬಾಗಿಲಿಗೇ ತರುತ್ತಾರೆ, ತರಲಿ. ಯಾವ ದಾಖಲೆ, ಯಾವ ಕಚೇರಿ, ಯಾವ ಕೌಂಟರ್ ಎಂದು ಹೇಳಿ ಕಳಿಸುವುದು ಸರಿ. ಅವರ ಅರ್ಜಿ ಹಿಡಿದು ತಾವೇ ಕಚೇರಿ ಸುತ್ತತೊಡಗಿದರೆ ಮಾತ್ರ ತಿಂಗಳು ಕಳೆದು ಸಭೆಗೆ ಬರಿಗೈಯಲ್ಲಿ ಹೋಗಬೇಕಾಗುತ್ತದೆ. ಒಬ್ಬರ ವೇತನ ಮಾಡಿಸಿಕೊಟ್ಟರೆ ಒಂದು ಮನೆಯ ಓಟು ಗಟ್ಟಿ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಅದೇ ಅರ್ಜಿಗಳು ಒಂದೇ ಕಾರಣಕ್ಕೆ ತಿರಸ್ಕೃತವಾಗುತ್ತಿದ್ದರೆ, ಆ ಕಾರಣವನ್ನು ಸಭೆಯಲ್ಲಿಟ್ಟು ತಹಶೀಲ್ದಾರರಿಗೆ ಪಂಚಾಯಿತಿಯಿಂದಲೇ ಪತ್ರ ಬರೆಸುವುದು ಪ್ರತಿನಿಧಿ ಮಾಡಬಹುದಾದ ಕೆಲಸ, ದಲ್ಲಾಳಿಗೆ ಅದು ಸಾಧ್ಯವಿಲ್ಲ. ಊರಿನ ಆಸ್ತಿ ದಾಖಲೆ ಕೊಡುವ ಇ-ಸ್ವತ್ತು ವಿಚಾರದಲ್ಲಂತೂ ದೂರವೇ ಇರಬೇಕು. ಅದರ ನಮೂನೆ 9, 11 ದಾಖಲೆ ಬೇಗ ಕೊಡಿಸಿ ಎಂದು ಬಂದವರ ನಿವೇಶನದ ಚಕ್ಕುಬಂದಿಗೆ (ನಾಲ್ಕು ದಿಕ್ಕಿನ ಗಡಿಗೆ) ಸದಸ್ಯ ಬಾಯಿಮಾತಿನ ಸಾಕ್ಷಿ ನಿಂತರೆ ಪಕ್ಕದ ಮನೆಯವರ ಜೊತೆಗಿನ ವ್ಯಾಜ್ಯವೂ ಅವನ ತಲೆಗೇ.

ಇನ್ನು ಸಭೆ. ಸಾಮಾನ್ಯ ಸಭೆಗೆ ಏಳು ಪೂರ್ಣ ದಿನ ಮೊದಲೇ ನೋಟಿಸ್ ಬರುತ್ತದೆ, ಅದರ ಜೊತೆ ವಿಷಯಪಟ್ಟಿಯೂ ಇರುತ್ತದೆ. ನಮ್ಮ ವಿಷಯ ಆ ಪಟ್ಟಿಯಲ್ಲಿ ಇರಬೇಕೆಂದರೆ ನೋಟಿಸ್ ಹೊರಡುವ ಮೊದಲೇ ಅಧ್ಯಕ್ಷರಿಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಬರವಣಿಗೆಯಲ್ಲಿ ಕೊಟ್ಟು ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಳ್ಳಬೇಕು. ಸಭೆಯಲ್ಲೇ ಎದ್ದು ಕೇಳಿದರಾಯಿತು ಎಂದುಕೊಂಡವರ ವಿಷಯ 'ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು' ಎಂಬ ಕೊನೆಯ ಸಾಲಿಗೆ ಬೀಳುತ್ತದೆ. ಆ ಹೊತ್ತಿಗೆ ಅರ್ಧ ಜನ ಎದ್ದಿರುತ್ತಾರೆ, ಉಳಿದವರು ಊಟದ ಕಡೆ ನೋಡುತ್ತಿರುತ್ತಾರೆ.

ನಿರ್ಣಯದ ಒಕ್ಕಣೆ ಎಲ್ಲಕ್ಕಿಂತ ಮುಖ್ಯ ಎಂದು ನನ್ನ ಅಭಿಪ್ರಾಯ. ಸಾಧಾರಣವಾಗಿ ಪುಸ್ತಕದಲ್ಲಿ ಕಾಣುವುದು ಹೀಗೆ: 'ಮೂರನೇ ವಾರ್ಡಿನ ಚರಂಡಿ ಸಮಸ್ಯೆ ಕುರಿತು ಚರ್ಚಿಸಿ ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.' ಇದನ್ನು ಯಾರೂ ಜಾರಿ ಮಾಡಲಾರರು, ಯಾರನ್ನೂ ಕೇಳಲೂ ಆಗದು. ಅದೇ ವಿಷಯಕ್ಕೆ ನಾನು ಬರೆದುಕೊಂಡು ಹೋಗುವ ಕರಡು ಬೇರೆ: 'ಮೂರನೇ ವಾರ್ಡಿನಲ್ಲಿ ಅಂಗನವಾಡಿಯಿಂದ ಕೆರೆ ಕೋಡಿಯವರೆಗೆ ಸುಮಾರು 80 ಮೀಟರ್ ಚರಂಡಿ ಹೂಳೆತ್ತಿಸಲು, ಒಡೆದಿರುವ 12 ಮೀಟರ್ ಗೋಡೆ ದುರಸ್ತಿ ಮಾಡಲು ಕಿರಿಯ ಇಂಜಿನಿಯರ್‌ರಿಂದ 15 ದಿನದೊಳಗೆ ಅಂದಾಜುಪಟ್ಟಿ ಪಡೆದು, ವೆಚ್ಚವನ್ನು ಹಣಕಾಸು ಆಯೋಗದ ನೈರ್ಮಲ್ಯ ಅನುದಾನದಿಂದ ಭರಿಸಿ, ಮುಂದಿನ ಸಭೆಗೆ ಪಿಡಿಒ ವರದಿ ಮಂಡಿಸತಕ್ಕದ್ದು.' ಜಾಗ, ಅಳತೆ, ಹಣದ ಬಾಬ್ತು, ಹೊಣೆ, ಗಡುವು. ಇವುಗಳಲ್ಲಿ ಒಂದು ಬಿಟ್ಟುಹೋದರೂ ಕಡತ ಅದೇ ಸಂದಿಯಲ್ಲಿ ಕೂತುಬಿಡುತ್ತದೆ. ಕೆಳಗೆ ಸೂಚಕರು, ಅನುಮೋದಕರು ಎಂದು ಇಬ್ಬರ ಹೆಸರು ಬೇಕು. ಅನುಮೋದಿಸುವವರೊಂದಿಗೆ ಹಿಂದಿನ ದಿನವೇ ಮಾತಾಡಿರಬೇಕು. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಆದರೂ ಸಭೆಯಲ್ಲಿ ಬಣ ಇದ್ದೇ ಇರುತ್ತದೆ. ಬೇರೆ ಬಣದವರ ವಾರ್ಡಿನ ಕೆಲಸಕ್ಕೆ ನಾವು ಒಮ್ಮೆ ಅನುಮೋದಕರಾದರೆ ನಮ್ಮದಕ್ಕೆ ಅವರಲ್ಲೊಬ್ಬರು ಸಿಗುತ್ತಾರೆ. ಕೊಡುಕೊಳ್ಳುವಿಕೆ ಎಂದು ಇದನ್ನು ಹೀಗಳೆಯುವವರಿದ್ದಾರೆ. ಇದಿಲ್ಲದೆ ಬಹುಮತ ಎಲ್ಲಿಂದ ಬರಬೇಕು?

ನಡಾವಳಿ ಪುಸ್ತಕದಲ್ಲಿ ಎರಡು ಕಡೆ ಕಣ್ಣಿಡಬೇಕು. ಒಂದು, ನಿರ್ಣಯಗಳ ನಡುವೆ ಬಿಟ್ಟ ಖಾಲಿ ಜಾಗ. ಆಮೇಲೆ ಅಲ್ಲಿ ಏನು ಬೇಕಾದರೂ ಸೇರಬಹುದು, ಆದ್ದರಿಂದ ಸಭೆ ಮುಗಿಯುವ ಮೊದಲೇ ಅಡ್ಡಗೆರೆ ಎಳೆಸಬೇಕು. ಇನ್ನೊಂದು, ಮುಂದಿನ ಸಭೆಯ ಮೊದಲ ವಿಷಯ: ಹಿಂದಿನ ನಡಾವಳಿ ಓದಿ ದೃಢೀಕರಿಸುವುದು. 'ಓದಿದ್ದಾಯಿತು' ಎಂದು ಮುಗಿಸಲು ಎಲ್ಲರಿಗೂ ಅವಸರ. ನಿಜಕ್ಕೂ ಓದಿಸಿ, ಪ್ರತಿ ನಿರ್ಣಯಕ್ಕೂ ಪಾಲನಾ ವರದಿ ಕೇಳಿದರೆ ಮೊದಲೆರಡು ಸಭೆ ಎಲ್ಲರಿಗೂ ಬೇಸರವಾಗುತ್ತದೆ, ಆಮೇಲೆ ವರದಿ ತಾನಾಗಿಯೇ ತಯಾರಾಗಿ ಬರತೊಡಗುತ್ತದೆ.

ಹಣದ ಬಾಬ್ತು ತಿಳಿಯದ ಸದಸ್ಯನನ್ನು 'ಅನುದಾನ ಇಲ್ಲ' ಎಂಬ ಒಂದೇ ಮಾತಿನಲ್ಲಿ ಕೂರಿಸಬಹುದು. 15ನೇ ಹಣಕಾಸು ಆಯೋಗದ 2021-22ರಿಂದ 2025-26ರವರೆಗಿನ ಅನುದಾನದಲ್ಲಿ ಶೇ. 60 ನಿರ್ಬಂಧಿತ. ಅದರ ಅರ್ಧ ನೈರ್ಮಲ್ಯಕ್ಕೆ. ಇನ್ನರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ. ಉಳಿದ ಶೇ. 40 ಅನಿರ್ಬಂಧಿತ, ಆದರೆ ಅದನ್ನೂ ಸಂಬಳ-ಸಾರಿಗೆಗೆ, ಕಚೇರಿ ಖರ್ಚಿಗೆ ಬಳಸುವಂತಿಲ್ಲ. ಹಾಗಾಗಿ ರಸ್ತೆಗೆ ದುಡ್ಡಿಲ್ಲ ಎಂದರೆ ಚರಂಡಿಗೂ ಇಲ್ಲ ಎಂದಲ್ಲ. ಬಾಬ್ತು ತಪ್ಪಿ ಖರ್ಚು ಮಾಡಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದು ವಸೂಲಾತಿಯ ಮಾತು ಏಳುತ್ತದೆ. ಪಿಡಿಒ ಹಿಂಜರಿಯುವುದು ಬಹಳ ಸಲ ಈ ಭಯಕ್ಕೇ ಹೊರತು ಹಠಕ್ಕಲ್ಲ. ಪಂಚಾಯಿತಿಯೇ ವಸೂಲಿ ಮಾಡಿದ ಸ್ವಂತ ನಿಧಿಯಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆಂದು ತೆಗೆದಿಡಬೇಕಾದ ಶೇ. 25ರ ಲೆಕ್ಕವನ್ನು ಪ್ರತ್ಯೇಕವಾಗಿ ನೋಡಬೇಕು. ಕಾಲೋನಿಯ ಅಂಚಿನಲ್ಲಿ ಹಾದುಹೋಗುವ ಊರ ರಸ್ತೆಯನ್ನು ಈ ಬಾಬ್ತಿಗೆ ಹಾಕುವುದು ಹಳೆಯ ಕೈಚಳಕ.

ವಾರ್ಡಿನ ಮತದಾರರು ಸೇರುವ ವಾರ್ಡ್ ಸಭೆ ಕೆಡುವುದು ವೇಳೆಯಿಂದ. ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಕೂಲಿಗೆ ಹೋಗುವವರು ಯಾರೂ ಬರುವುದಿಲ್ಲ. ಬಂದವರು ಜಗುಲಿ ಮೇಲೆ ಸದಾ ಸಿಗುವವರೇ. ಮೊದಲು ಸಹಿ ಸಂಗ್ರಹ, ಆಮೇಲೆ ಸಭೆ ಎಂಬ ಪದ್ಧತಿ ಇದ್ದಲ್ಲಿ ಸಹಿ ಹಾಕಿದವರು ಹೊರಟುಬಿಡುತ್ತಾರೆ. ಹೆಂಗಸರು ಬಿಡುವಾಗುವ ಹೊತ್ತಿಗೆ ಸಭೆ ಇಟ್ಟು, ಮನೆ ಯೋಜನೆಯ ಅರ್ಜಿದಾರರ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿದರೆ ಸಾಕು. ಇರುವ ಮನೆಯನ್ನು ಇಲ್ಲವೆಂದು ಬರೆಸಿದವರನ್ನು ಊರೇ ಹಿಡಿಯುತ್ತದೆ, ಸದಸ್ಯ ಯಾರ ಮೇಲೂ ಚಾಡಿ ಹೇಳಬೇಕಾಗುವುದಿಲ್ಲ.

ಕಾಮಗಾರಿ ನೋಡಿಕೊಳ್ಳಲು ಇಂಜಿನಿಯರಿಂಗ್ ಓದಿರಬೇಕಿಲ್ಲ, ಅಂದಾಜುಪಟ್ಟಿಯ ಪ್ರತಿ ಕೈಯಲ್ಲಿರಬೇಕು. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಸಿಸಿ ರಸ್ತೆಗೆ 45 ಘನಮೀಟರ್ ಕಾಂಕ್ರೀಟ್ ಬೇಕು. ಸ್ಥಳದಲ್ಲೇ ಸಿಮೆಂಟ್, ಮರಳು, ಜಲ್ಲಿ ಕಲಸುವ ಒಂದು, ಒಂದೂವರೆ, ಮೂರು ಪ್ರಮಾಣದ ಎಂ-20 ಕಾಂಕ್ರೀಟಿಗೆ ಘನಮೀಟರಿಗೆ ಸುಮಾರು 8 ಚೀಲ ಸಿಮೆಂಟ್, ಅಂದರೆ ಒಟ್ಟು 360 ಚೀಲದ ಆಸುಪಾಸು. ಖಾಲಿ ಚೀಲ ಎಣಿಸಲು ಯಾರ ಅಪ್ಪಣೆಯೂ ಬೇಡ. 240 ಮಾತ್ರ ಸಿಕ್ಕರೆ ದಪ್ಪ ಹತ್ತೇ ಸೆಂಟಿಮೀಟರ್ ಇದೆ, ಇಲ್ಲವೇ ಮಿಶ್ರಣ ತೆಳುವಾಗಿದೆ. ದಪ್ಪವನ್ನು ಅಂಚಿನಲ್ಲಿ ಅಳೆದು ಸಮಾಧಾನಪಡಬಾರದು. ಎರಡೂ ಬದಿಯ ಶಟರಿಂಗ್ ಹದಿನೈದು ಸೆಂಟಿಮೀಟರ್ ಸರಿಯಾಗಿ ಇಟ್ಟು, ನಡುವೆ ಮಣ್ಣನ್ನು ಉಬ್ಬಾಗಿಯೇ ಬಿಡುವುದುಂಟು. ಕಾಂಕ್ರೀಟ್ ಸುರಿಯುವ ಮೊದಲು ಈ ಶಟರಿಂಗ್‌ನಿಂದ ಆ ಶಟರಿಂಗ್‌ಗೆ ದಾರ ಬಿಗಿದು ನಡುಮಧ್ಯದಲ್ಲಿ ಸ್ಕೇಲ್ ಇಳಿಸಿದರೆ ಉಬ್ಬು ತಕ್ಷಣ ಗೊತ್ತಾಗುತ್ತದೆ. ಮೇಲೆ ಬದು ಕಟ್ಟಿ ನೀರು ನಿಲ್ಲಿಸುವುದು 14 ದಿನ. ಬೇಸಿಗೆಯಲ್ಲಿ ನಾಲ್ಕನೇ ದಿನಕ್ಕೇ ಒಣಗಿದ ರಸ್ತೆಯ ಮೈ ಬೇಗ ಪುಡಿಯೇಳುತ್ತದೆ. ತಪ್ಪು ಕಂಡಾಗ ಸ್ಥಳದಲ್ಲಿ ಜಗಳ ಬೇಡ. ಫೋಟೋ, ಅಳತೆ ಸಮೇತ ಪಿಡಿಒಗೆ ಪತ್ರ, ಇಂಜಿನಿಯರ್‌ಗೆ ಪ್ರತಿ, ಅದೂ ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ಅಳತೆ ನಮೂದಾಗುವ ಮೊದಲು. ಅಳತೆ ದಾಖಲಾಗಿ, ಅಧ್ಯಕ್ಷರು ಮತ್ತು ಪಿಡಿಒ ಇಬ್ಬರ ಡಿಜಿಟಲ್ ಸಹಿ ಬಿದ್ದು ಹಣ ಹೋದಮೇಲೆ ಉಳಿಯುವುದು ತನಿಖೆ ಮಾತ್ರ. ಸದಸ್ಯನೇ ಬೇನಾಮಿಯಾಗಿ ಕಾಮಗಾರಿ ಹಿಡಿದಿದ್ದರೆ ಈ ಮಾತೇ ಬರುವುದಿಲ್ಲ. ಪಂಚಾಯಿತಿಯ ಗುತ್ತಿಗೆಯಲ್ಲಿ ಪಾಲಿರುವುದು ಸದಸ್ಯತ್ವವನ್ನೇ ಕಳೆಯುವ ಅನರ್ಹತೆ.

ನೀರಿನ ಟ್ಯಾಂಕಿಗೂ ಇಂಥದ್ದೇ ಲೆಕ್ಕ. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಎಂದರೆ 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ಬಾಯಿ ತೆರೆದಿಟ್ಟ ಚೀಲದ ಪುಡಿಯಲ್ಲಿ ಸತ್ವ ಹೋಗಿರುತ್ತದೆ. ಹಾಗಾಗಿ ರಿಜಿಸ್ಟರ್ ನೋಡುವ ಬದಲು ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷಾ ಕಿಟ್‌ನಿಂದ ಪರೀಕ್ಷಿಸಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಅಲ್ಲಿ ಉಳಿದಿರಬೇಕು.

ಮತದಾರರ ಮಾತಿಗೂ ಸದಸ್ಯನ ತಿಳುವಳಿಕೆಗೂ ಜಗ್ಗಾಟ ಬರುವುದು ಕರ ಪರಿಷ್ಕರಣೆಯಲ್ಲಿ. ಕರ ಏರಿಸಬೇಡಿ, ನೀರು ದಿನಾ ಬಿಡಿ ಎಂದು ಒಂದೇ ಉಸಿರಿನಲ್ಲಿ ಕೇಳುತ್ತಾರೆ. 7.5 ಎಚ್‌ಪಿ ಮೋಟರ್ ದಿನಕ್ಕೆ ಆರು ಗಂಟೆ ಓಡಿದರೆ ತಿಂಗಳಿಗೆ ಕಡಿಮೆಯೆಂದರೂ ಸಾವಿರ ಯೂನಿಟ್. ಈ ಲೆಕ್ಕವನ್ನೂ, ವಾರ್ಡಿನ ಡಿಸಿಬಿ ತಖ್ತೆಯನ್ನೂ ಅಂದರೆ ಬೇಡಿಕೆ, ವಸೂಲಿ, ಬಾಕಿ ಎಷ್ಟೆಂಬುದನ್ನೂ ವಾರ್ಡ್ ಸಭೆಯಲ್ಲಿ ಓದಿದ ಮೇಲೆಯೇ ನಾನು ಏರಿಕೆಯ ಪರ ಕೈ ಎತ್ತುವುದು. ಓದದೆ ಎತ್ತಿದರೆ ಮೋಸ ಮಾಡಿದಂತೆ. ಓದಿಯೂ ಹೆದರಿ ಎತ್ತದಿದ್ದರೆ ಮೋಟರ್ ಸುಟ್ಟಾಗ ರಿವೈಂಡಿಂಗ್‌ಗೆ ದುಡ್ಡಿರುವುದಿಲ್ಲ. ಬಾಕಿದಾರರ ಹೆಸರು ಮಾತ್ರ ಸಭೆಯಲ್ಲಿ ಓದಬಾರದು. ಹಳೆಯ ದ್ವೇಷಗಳು ಏಳುತ್ತವೆ, ಬಾಕಿ ವಸೂಲಾಗುವುದಿಲ್ಲ. ಬಿಲ್ ಕಲೆಕ್ಟರ್ ನೋಟಿಸ್ ಕೊಡಲಿ.

ಸಭೆಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಎದ್ದುಹೋಗುವುದರಿಂದ ಪ್ರಯೋಜನವಿಲ್ಲ. ಪುಸ್ತಕದಲ್ಲಿ ಅದು ಬರೀ ಗೈರುಹಾಜರಿಯಾಗಿ ಕಾಣುತ್ತದೆ. ವಿರೋಧವನ್ನು ಕಾರಣ ಸಮೇತ, ಹೆಸರು ಹೇಳಿ ನಡಾವಳಿಯಲ್ಲಿ ಬರೆಸಬೇಕು. ಬರೆದುಕೊಳ್ಳಲು ಒಪ್ಪದಿದ್ದರೆ ಅದೇ ದಿನ ಪತ್ರವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಹುಮತದ ನಿರ್ಣಯ ನಮಗೆ ಹಿಡಿಸದಿದ್ದರೂ ಕಾನೂನುಬದ್ಧವಾಗಿದ್ದರೆ ಜಾರಿಗೆ ಅಡ್ಡ ನಿಲ್ಲುವಂತಿಲ್ಲ. ಕಾನೂನಿಗೇ ವಿರುದ್ಧ ಎನಿಸಿದರೆ ನಿರ್ಣಯದ ದೃಢೀಕೃತ ಪ್ರತಿ ಲಗತ್ತಿಸಿ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ), ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ (ಸಿಇಒ) ಬರೆಯಬೇಕು. ಪ್ರತಿ ಕೊಡದೆ ಸತಾಯಿಸಿದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ, 30 ದಿನದ ಗಡುವು; ಸದಸ್ಯನಾದವನು ತನ್ನದೇ ಪಂಚಾಯಿತಿಗೆ ಅರ್ಜಿ ಹಾಕುವುದೇ ಎಂದು ಮುಜುಗರಪಡಬೇಕಾಗಿಲ್ಲ.