ಸಕ್ಕರಿ ಮುಕ್ಕರಿ ಜೋಳದ ಬೀಜ ಉಳಿಸಿಕೊಂಡ ಬಗೆ

ನಮ್ಮದು ವಿಜಯಪುರ ಜಿಲ್ಲೆಯ ಡೋಣಿ ಹೊಳೆ ಸಾಲಿನ ಎರೆ ಹೊಲ. ‘ಡೋಣಿ ಹರಿದರೆ ಓಣೆಲ್ಲ ಜೋಳ’ ಅನ್ನೋ ಸೀಮೆ. ಈಗ ಆ ಜೋಳ ಅಂದ್ರೆ ಬಹುಪಾಲು ಮಾಲದಂಡಿ ಒಂದೇ. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಎಲ್ಲರೂ ಬಿತ್ತೋ ಮಾಲದಂಡಿ, ಅಂದ್ರೆ ಎಂ 35-1 ಕೂಡ 1930ರ ದಶಕದಲ್ಲಿ ಸೊಲ್ಲಾಪುರ ಕಡೆಯ ಮೊಹೋಳದಲ್ಲಿ ಜವಾರಿ ಜೋಳದಿಂದಲೇ ಆರಿಸಿದ ತಳಿ. ರೊಟ್ಟಿಗೂ ಚಲೋ, ದನದ ಕಣಿಕೆ ಮೇವಿಗೂ ಚಲೋ. ನನಗೆ ಬೇಕಾಗಿದ್ದು ಅದರ ಮಗ್ಗುಲಲ್ಲಿ ಒಂದೆರಡು ಸಾಲು ಬೆಳೆಯುತ್ತಿದ್ದ ಜೋಳಗಳು.

‘ಜವಾರಿ ಬೀಜ ಇದೆಯಾ’ ಅಂತ ಕೇಳಿದರೆ ಎಲ್ಲರೂ ಇಲ್ಲ ಅಂತಾರೆ. ಅದಕ್ಕೆ ಬೀಜ ಕೇಳುವುದು ಬಿಟ್ಟು ತಿನಿಸು ಕೇಳಿದೆ. ಪಂಚಮಿ ಅಳ್ಳಿಗೆ, ಅಂದ್ರೆ ಹುರಿದ ಅರಳಿಗೆ, ಯಾವ ಜೋಳ? ಸೀತನಿಗೆ, ಅಂದ್ರೆ ಸುಟ್ಟು ತಿನ್ನೋ ಹಸಿ ಜೋಳಕ್ಕೆ, ಯಾವ ತೆನೆ? ಗಂಡಸರು ತಲೆ ಕೆರೆದುಕೊಂಡರು. ಉತ್ತರ ಬಂದದ್ದು ಅಡುಗೆ ಮನೆಯಿಂದ. ಓಣಿಯ ಆಯಿಯೊಬ್ಬರು ತೊಲೆಗೆ ಕಟ್ಟಿದ್ದ ಸಕ್ಕರಿ ಮುಕ್ಕರಿ ತೆನೆ ಇಳಿಸಿ, ತಿಕ್ಕಿ ನನ್ನ ಅಂಗೈಗೆ ಹಾಕಿದರು. ಕಾಳು ಸೊರಗಿ, ನಡುವೆ ಕುಳಿ ಬಿದ್ದಿತ್ತು. ಹಾಲುಗಾಳಿದ್ದಾಗ ಸಿಹಿ ಜಾಸ್ತಿ, ಒಣಗಿದರೆ ಮುದುಡುತ್ತದೆ. “ತಮ್ಮಾ, ಜೊಳ್ಳು ಅಂತ ತೂರಿ ಬಿಟ್ಟೀ ಮತ್ತ!” ಅಂದರು. ಇಷ್ಟು ಗೊತ್ತಿದ್ದವರು ಇಲ್ಲದಿದ್ದರೆ ತಳಿ ಕಸದ ಜೊತೆ ಹೋದ ಹಾಗೇ.

ಉತ್ತರಿ ಮಳೆಯ ಹಸಿಗೆ ಬಿತ್ತಿದೆ. ಜೋಳ ಹೆಚ್ಚಾಗಿ ತನ್ನ ಹೂಪುಡಿಯಲ್ಲೇ ಕಾಳು ಕಟ್ಟುತ್ತದೆ. ಆದರೂ ಗಾಳಿಗೆ ಒಂದಿಷ್ಟು ಬೆರಕೆ ಆಗುತ್ತದೆ. ಹಾಗಾಗಿ ಮಾಲದಂಡಿಗೂ ಇದಕ್ಕೂ ನಡುವೆ ಕಡಲೆ ಹೊಲ ಬಿಟ್ಟೆ. ಬದುವಿಗೆ ಕುಸುಬಿ ಹಾಕಿದೆ, ಆ ಮುಳ್ಳಿಗೆ ದನ ಒಳಗೆ ನುಗ್ಗಲ್ಲ.

ತೆನೆಯನ್ನು ರಾಶಿಯಲ್ಲಿ ಆರಿಸಬಾರದು. ಅಲ್ಲಿ ಗಿಡ ಹೇಗಿತ್ತು ಅಂತ ಕಾಣೋದಿಲ್ಲ. ನಿಂತ ಬೆಳೆಯಲ್ಲೇ, ಅಂಚು ಬಿಟ್ಟು ನಡುವಿನ ಗಿಡ ನೋಡಬೇಕು. ದಂಟು ಗಟ್ಟಿ ಇರಬೇಕು, ತೆನೆ ಪೂರ್ತಿ ಕಟ್ಟಿರಬೇಕು. ಅಂಥ ತೆನೆಗೆ ಕೆಂಪು ದಾರ ಕಟ್ಟಿದೆ. ಸೀತನಿ ಶುರುವಾಗುವ ಮುಂಚೆಯೇ ಕಟ್ಟಬೇಕು. ನಮ್ಮಲ್ಲಿ ಹಕ್ಕಿಗಿಂತ ಬೀಗರ ಕಾಟ ಜಾಸ್ತಿ! ಒಣಗಿದ ಮೇಲೆ ಅರ್ಧ ತೆನೆ ಒಲೆಯ ಹೊಗೆ ತಾಗುವಲ್ಲಿ ತೂಗುಹಾಕಿದೆ. ಉಳಿದದ್ದನ್ನು ಬಡಿದು, ಬೂದಿ, ಬೇವಿನ ಎಲೆ ಬೆರೆಸಿ ಗಡಿಗೆಗೆ ತುಂಬಿದೆ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿಯಲ್ಲಿ ಊರಿನ ಜೀವವೈವಿಧ್ಯದ ದಾಖಲಾತಿ ಪುಸ್ತಕ ಇರುತ್ತದೆ. ಅದರಲ್ಲಿ ಬರೀ ತಳಿಯ ಹೆಸರು ಬರೆದರೆ ಏನು ಉಪಯೋಗ? ಯಾವ ಹಬ್ಬಕ್ಕೆ, ಯಾವ ತಿನಿಸಿಗೆ ಅಂತಾನೂ ಬರೆಸಿದೆ. ಬೀಜ ಕೊಟ್ಟು ತೆಗೆದುಕೊಳ್ಳಲು ಹೆದರಬೇಕಿಲ್ಲ. 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಬ್ರ್ಯಾಂಡ್ ಹಾಕಿ ಮಾರುವ ಹಾಗಿಲ್ಲ, ಅಷ್ಟೇ.

ಬೀಜ ಕೇಳಿ ಬಂದವರಿಗೆ ನಾನು ಮೊದಲು ಕೇಳೋದು, ಮನೆಯಲ್ಲಿ ಸೀತನಿ ಸುಡೋರು ಯಾರು ಅಂತ. ಯಾರೂ ಇಲ್ಲ ಅಂದರೆ ಬೀಜ ಕೊಡಲ್ಲ. ಎಳ್ಳ ಅಮಾವಾಸ್ಯೆ ಕಳೆದ ಮೇಲೆ ಹೊಲಕ್ಕೆ ಬನ್ನಿ, ಮೊದಲು ತಿನ್ನಿ ಅಂತೀನಿ.